ಊಟದ ಗಂಟೆ

ಇವತ್ತು ಮೀಟಿಂಗಿನಲ್ಲಿ ಒಬ್ಬರು ಮಾತಾಡೋಕೆ ಎದ್ದರು. ಎದ್ದದ್ದೇ ತಡ, ನಾಲ್ಕು ಜನ ಮೆಲ್ಲಗೆ ಕಾಫಿ ಕಡೆ ಜಾರಿಕೊಂಡರು.

ನನಗೆ ಹದಿನೆಂಟನೇ ಶತಮಾನದ ಬ್ರಿಟಿಷ್ ರಾಜಕಾರಣಿ ಎಡ್ಮಂಡ್ ಬರ್ಕ್ ನೆನಪಾದ. ಲಂಡನ್ನಿನ ಪಾರ್ಲಿಮೆಂಟಿನ ಕೆಳಮನೆ ಹೌಸ್ ಆಫ್ ಕಾಮನ್ಸ್‌ನಲ್ಲಿ ಅವನಿಗೆ ‘ಊಟದ ಗಂಟೆ’ ಅಂತಲೇ ಅಡ್ಡಹೆಸರು. ಅವನು ಎದ್ದು ನಿಂತರೆ ಸಾಕು, ಸದಸ್ಯರಿಗೆ ಹಸಿವು!

1785ರ ಫೆಬ್ರುವರಿ 28. ಆರ್ಕಾಟಿನ ನವಾಬನ ಸಾಲದ ಮೇಲೆ ಅವನ ಭಾಷಣ. ಸಾಲ ಕೊಟ್ಟವರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರರೇ ಇದ್ದರು. ಬರೀ ಬಡ್ಡಿ, ಅಸಲು, ಲೆಕ್ಕ. ನಡುವೆ ಇದ್ದಕ್ಕಿದ್ದಂತೆ ನಮ್ಮ ಹೈದರಾಲಿ ನವಾಬನ ಸೀಮೆಯ ಮೇಲೆ ದಂಡೆತ್ತಿ ಬರುತ್ತಾನೆ. ಬೆಟ್ಟದ ಇಳಿಜಾರಿಗೆ ಜೋತುಬಿದ್ದ ಕರಿಮೋಡದ ಹಾಗೆ. ಈ ಅನಾಹುತಕ್ಕೆಲ್ಲ ಕಾರಣರಾದವರು ಪೆದ್ದುಪೆದ್ದಾಗಿ ಮೇಲೆ ನೋಡುತ್ತಾ ನಿಂತಿರುವಾಗಲೇ ಮೋಡ ಒಡೆದು ಕರ್ನಾಟಿಕ್ ಬಯಲಿಗೆ, ಅಂದರೆ ಈಗಿನ ತಮಿಳುನಾಡಿನ ಕಡೆಯ ನವಾಬನ ಸೀಮೆಗೆ, ಸುರಿಯುತ್ತದೆ.

ಘಟ್ಟದ ಮೇಲೆ ಮಳೆ ಕಟ್ಟೋದನ್ನ ಕಂಡವರಿಗೆ ಗೊತ್ತು, ಈ ಹೋಲಿಕೆ ಎಷ್ಟು ಸರಿಯಾಗಿದೆ ಅಂತ. ಬರ್ಕ್ ಇಂಡಿಯಾಕ್ಕೆ ಕಾಲಿಟ್ಟವನೇ ಅಲ್ಲ, ಅದೇ ಆಶ್ಚರ್ಯ.

ಮತ ಹಾಕುವಾಗ ಅವನ ಕಡೆಯವರು ಸೋತರು. ಅದೇ ವರ್ಷ ಭಾಷಣ ಪುಸ್ತಿಕೆಯಾಗಿ ಅಚ್ಚಾಯಿತು. ಊಟಕ್ಕೆ ಎದ್ದು ಹೋದವರು ಎಷ್ಟು ಜನ ಆಮೇಲೆ ದುಡ್ಡು ಕೊಟ್ಟು ಓದಿದರೋ!

ಅಂದಹಾಗೆ, ಕಾಫಿಗೆ ಜಾರಿದ ನಾಲ್ವರಲ್ಲಿ ನಾನೂ ಒಬ್ಬ.