ಬೇರು ಹಿಡಿದು ಪದ ಕಲಿಯುವುದು

ಇಂಗ್ಲಿಷಿನ ಕಠಿಣ ಪದಗಳನ್ನು ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ಒಂದೊಂದು ಕನ್ನಡ ಅರ್ಥ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದ ಕಾಲದಲ್ಲಿ ಆ ಪದಗಳು ನನಗೆ ಪರಿಚಯವಾಗುತ್ತಿದ್ದವೇ ಹೊರತು ಒಲಿಯುತ್ತಿರಲಿಲ್ಲ. ‘ಮೆಟಿಕ್ಯುಲಸ್’ ಎಂಬ ಪದವನ್ನೇ ನೋಡಿ. ಚಿಕ್ಕಪುಟ್ಟ ವಿವರವನ್ನೂ ಬಿಡದೆ ಅಚ್ಚುಕಟ್ಟಾಗಿ ಕೆಲಸ ಮಾಡುವವರನ್ನು ಮೆಚ್ಚಿ ಹೇಳಲು ಇಂದು ಬಳಸುವ ಈ ವಿಶೇಷಣದ ಬೇರು ಲ್ಯಾಟಿನ್ನಿನ ‘ಮೆಟುಸ್’, ಅಂದರೆ ಭಯ. ಮೊದಲು ಇದರ ಅರ್ಥ ಅಂಜುಬುರುಕ ಎಂದೇ ಇತ್ತು. ತಪ್ಪಾದೀತೆಂಬ ಅಳುಕು ಕ್ರಮೇಣ ಎಚ್ಚರಿಕೆಯಾಗಿ, ಎಚ್ಚರಿಕೆ ಗುಣವಾಗಿ ಬದಲಾದ ಈ ಹಾದಿಯನ್ನು ತಿಳಿದ ಮೇಲೆ ಆ ಪದವನ್ನು ನಾನು ಮತ್ತೆ ಮರೆತಿಲ್ಲ.

‘ಎಫೆಮೆರಲ್’ ಕೂಡ ಹಾಗೆಯೇ. ಗ್ರೀಕ್ ಮೂಲದಲ್ಲಿ ಅದು ಒಂದೇ ದಿನ ಬಾಳುವುದನ್ನು ಸೂಚಿಸುತ್ತದೆ. ನಮ್ಮ ‘ಕ್ಷಣಿಕ’ ಅದಕ್ಕೆ ಹತ್ತಿರದ ಪದವಾದರೂ ಕಾಲದ ಅಳತೆ ಬೇರೆ, ಮತ್ತು ಆ ವ್ಯತ್ಯಾಸವೇ ನನಗೆ ಬಹಳ ಇಷ್ಟ.

ನಿಜವಾಗಿ ಎಡವುವುದು ಮುಖಚಹರೆ ಹೋಲುವ ಪದಗಳಲ್ಲಿ. ‘ಅನ್‌ಇಂಟರೆಸ್ಟೆಡ್’ ಎಂದರೆ ಆಸಕ್ತಿಯಿಲ್ಲದವರು. ‘ಡಿಸ್‌ಇಂಟರೆಸ್ಟೆಡ್’ ಎಂದರೆ, ಎಚ್ಚರದಿಂದ ಬರೆಯುವವರ ಬಳಕೆಯಲ್ಲಿ, ಸ್ವಹಿತವಿಲ್ಲದ ನಿಷ್ಪಕ್ಷಪಾತಿ. ನ್ಯಾಯಾಧೀಶರು ಎರಡನೆಯವರಾಗಿರಬೇಕು, ಮೊದಲನೆಯವರಾಗಿರಬಾರದು. ಈ ಒಂದು ವಾಕ್ಯ ಮಾಡಿಕೊಟ್ಟ ಸ್ಪಷ್ಟತೆಯನ್ನು ಯಾವ ಪಟ್ಟಿಯೂ ನನಗೆ ಕೊಟ್ಟಿರಲಿಲ್ಲ.

ಕಲಿತದ್ದು ಮೊದಮೊದಲು ಬೇಗ ಬೇಗ ಮರೆಯುತ್ತದೆಂದು ಜರ್ಮನ್ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ಪ್ರಕಟಿಸಿದ್ದರು. ಆದ್ದರಿಂದ ಹೊಸ ಪದವನ್ನು ಮರುದಿನವೊಮ್ಮೆ, ವಾರದ ನಂತರ ಮತ್ತೊಮ್ಮೆ, ನನ್ನದೇ ಹೊಸ ವಾಕ್ಯದಲ್ಲಿ ಬರೆದು ನೋಡುತ್ತೇನೆ.