ಪೆನ್ 9 ತೋರಿಸುತ್ತಿತ್ತು, ಮೀನು ಮೇಲೆ ಬಂದು ಬಾಯಿ ಬಿಡುತ್ತಿತ್ತು

ಎಂಟು ಡಿಸ್ಕಸ್ ಮೀನಿದ್ದ ಟ್ಯಾಂಕಿಗೆ ನಾನೇ ಕೈಯಾರೆ ಕ್ಲೋರಿನ್ ನೀರು ಬಿಟ್ಟೆ. ಆಗಿ ಒಂದು ವರ್ಷ ದಾಟಿತು. ಇವತ್ತಿಗೂ ಯಾರ ಮನೆಯಲ್ಲಾದರೂ ಆರ್‌ಓ ಡ್ರಮ್ಮಿನ ಮುಚ್ಚಳ ಎತ್ತಿದರೆ ಕೈಗಿಂತ ಮೊದಲು ಮೂಗು ಬಗ್ಗುತ್ತದೆ.

ನನ್ನದು ಮನೆ ಅಕ್ವೇರಿಯಂಗಳ ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆ ಗುತ್ತಿಗೆಯ ಕೆಲಸ. ಆ ಮನೆಗೆ ತಿಂಗಳಿಗೊಂದು ವಿಸಿಟ್. 450 ಲೀಟರ್ ಟ್ಯಾಂಕು, ಅದಕ್ಕೊಂದು 75 ಜಿಪಿಡಿ (ದಿನಕ್ಕೆ 75 ಗ್ಯಾಲನ್) ಆರ್‌ಓ. ಕೊಳೆ ತಡೆಯುವ ಸೆಡಿಮೆಂಟ್ ಫಿಲ್ಟರ್, ಕ್ಲೋರಿನ್ ಹೀರುವ ಕಾರ್ಬನ್ ಬ್ಲಾಕ್, ಲವಣ ತಡೆಯುವ ಮೆಂಬ್ರೇನ್, ಇಷ್ಟೇ. ಉಳಿದ ಲವಣವನ್ನೂ ತೆಗೆಯುವ ಡಿಐ ಫಿಲ್ಟರ್ ಹಾಕಿರಲಿಲ್ಲ, ಡಿಸ್ಕಸ್‌ಗೆ ಆಮೇಲೆ ಹೇಗೂ ಮಿನರಲ್ ಬೆರೆಸಬೇಕು. ಯಜಮಾನರು ನಿವೃತ್ತರು, ಮೀನಿನ ಮೇಲೆ ಜೀವ ಇಟ್ಟವರು. ವಾರಕ್ಕೊಮ್ಮೆ 180 ಲೀಟರ್ ತಾವೇ ಬದಲಿಸುತ್ತಿದ್ದರು, ನಾನು ಹೋದ ವಾರ ಆ ಕೆಲಸ ನನ್ನದು. 200 ಲೀಟರಿನ ಡ್ರಮ್ಮಿನಲ್ಲಿ ನೀರು ತುಂಬಿಸಿ, ಏರ್ ಸ್ಟೋನ್ ಬಿಟ್ಟು, ಎರಡು ದಿನ ಹಾಗೇ ಬಿಡುವುದು ಅವರ ರೂಢಿ. ಆ ರೂಢಿಯೇ ಅಷ್ಟು ದಿನ ಮೀನುಗಳನ್ನು ಕಾಯುತ್ತಿತ್ತು ಅಂತ ನನಗೆ ಆಮೇಲೆ ತಿಳಿಯಿತು.

ಆ ದಿನ ಹೋದಾಗ ಡ್ರಮ್ಮಿಗೆ ಮುಚ್ಚಳ ಬಿಗಿದಿತ್ತು, ಏರ್ ಪಂಪ್ ಇರಲಿಲ್ಲ. ಅವರು ಎರಡನೇ ಟ್ಯಾಂಕ್ ಇಟ್ಟು ನಾಲ್ಕು ತಿಂಗಳಾಗಿತ್ತು, ಅದರ ಪಂಪ್ ಕೆಟ್ಟಿದ್ದಕ್ಕೆ ಡ್ರಮ್ಮಿನದನ್ನು ಅಲ್ಲಿಗೆ ಹಾಕಿದ್ದರು. ನೀರು ಹಿಂದಿನ ದಿನ ಮಧ್ಯಾಹ್ನ ಬಿಟ್ಟದ್ದು. "ಈಗ ಡ್ರಮ್ಮು ಎರಡು ಗಂಟೆ ಮೊದಲೇ ತುಂಬ್ತದೆ ಕಣಪ್ಪ" ಅಂದರು. ನನಗೆ ಖುಷಿಯೇ ಆಯಿತು, ಮೆಂಬ್ರೇನ್ ಚೆನ್ನಾಗಿದೆ ಅಂದುಕೊಂಡೆ. ಪ್ರೆಶರ್ ಗೇಜ್ ನೋಡಿದೆ, ಎಂದಿನಂತೆ 60. ಮುಳ್ಳು ಏರಿಲ್ಲ, ಆದರೂ ನೀರು ಬೇಗ ಬರುತ್ತಿದೆ ಎಂದರೆ ಏನರ್ಥ ಅಂತ ಅಲ್ಲೇ ಒಂದು ನಿಮಿಷ ನಿಂತು ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಪೆನ್ ಅದ್ದಿದೆ. ನಲ್ಲಿ ನೀರು 260, ಪ್ರಾಡಕ್ಟ್, ಅಂದರೆ ಆರ್‌ಓ ದಾಟಿದ ನೀರು, 9. ಕಾರ್ಡಿನಲ್ಲಿ ಹಿಂದಿನ ಎರಡು ತಿಂಗಳು 5, 6 ಅಂತ ನನ್ನದೇ ಕೈಬರಹ. ಹತ್ತರೊಳಗಿದ್ದರೆ ಸರಿ ಅಂತ ನಮ್ಮಲ್ಲಿ ಒಂದು ಮಾತಿದೆ. 9 ಬರೆದು ಟಿಕ್ ಹಾಕಿದೆ. ಮಿನರಲ್ ಬೆರೆಸಿ, ಟ್ಯಾಂಕಿನಿಂದ ಹಳೆ ನೀರು ತೆಗೆದು, ಡ್ರಮ್ಮಿಗೆ ಪಂಪ್ ಇಳಿಬಿಟ್ಟು ಸ್ವಿಚ್ ಹಾಕಿದೆ.

ಹತ್ತು ನಿಮಿಷ ಆಗಿರಬಹುದು. ಎಲ್ಲಕ್ಕಿಂತ ದೊಡ್ಡ ಮೀನು, ಯಾವಾಗಲೂ ಗಾಜಿನ ಹತ್ತಿರ ಬಂದು ನಮ್ಮ ಕೈ ನೋಡುವಂಥದ್ದು, ಮೂಲೆಗೆ ಸರಿದು ನಿಂತಿತು. ಮೈ ಕಪ್ಪಿಡುತ್ತಾ ಬಂತು. ಕಿವಿರು ಎಣಿಸಲಾಗದಷ್ಟು ವೇಗವಾಗಿ ಬಡಿದುಕೊಳ್ಳುತ್ತಿತ್ತು. ಇನ್ನೆರಡು ಮೇಲಕ್ಕೆ ಬಂದು ಬಾಯಿ ಬಿಡತೊಡಗಿದವು. ಯಜಮಾನರು ನನ್ನ ಮುಖ ನೋಡಿದರು. "ಏನಿಲ್ಲ ಸರ್, ನೀರು ಬದಲಾದಾಗ ಸ್ವಲ್ಪ ಗಾಬರಿಯಾಗ್ತವೆ" ಅಂದೆ.

ಆ ಮಾತು ಯಾಕೆ ಬಾಯಿಗೆ ಬಂತೋ. ಡಿಸ್ಕಸ್ ಗಾಬರಿಯಾದರೆ ಓಡಿ ಹೋಗಿ ಕಟ್ಟಿಗೆಯ ಹಿಂದೆ ಅಡಗುತ್ತದೆ, ಮೇಲೆ ಬಂದು ಬಾಯಿ ಬಿಡುವುದಿಲ್ಲ. ಅದು ನನಗೆ ಗೊತ್ತಿತ್ತು.

ಆಮೇಲೆ ಒಂದೊಂದೇ ನೋಡುತ್ತಾ ಹೋದೆ. ಟೆಂಪರೇಚರ್ 29. ಪಿಎಚ್ 6.8. ಅಮೋನಿಯಾ ಟೆಸ್ಟಿಗೆ ಹನಿ ಹಾಕಿ ಟ್ಯೂಬ್ ಅಲ್ಲಾಡಿಸುತ್ತಾ ನಿಂತೆ, ಹಳದಿ, ಅಂದರೆ ಸೊನ್ನೆ. ಮತ್ತೆ ಪೆನ್ ತೆಗೆದು ಡ್ರಮ್ಮಿಗೆ ಅದ್ದಿದೆ, ಎರಡು ಸಲ. ಮಿನರಲ್ ಸೇರಿದ್ದಕ್ಕೆ ಎಷ್ಟು ಬರಬೇಕೋ ಅಷ್ಟೇ ಬಂತು. ಎಲ್ಲ ಸರಿಯಿದೆ. ಇಷ್ಟೂ ಹೊತ್ತು ಪಂಪ್ ಓಡುತ್ತಲೇ ಇತ್ತು. ನೀರಿನಲ್ಲೇ ದೋಷವಿದ್ದರೆ ಆ ದೋಷ ನಿಮಿಷ ನಿಮಿಷಕ್ಕೂ ಒಳಗೆ ಸುರಿಯುತ್ತಿದೆ ಅನ್ನುವುದು ನನ್ನ ತಲೆಗೆ ಹೋಗಲೇ ಇಲ್ಲ, ಯಾಕೆಂದರೆ ನೀರು ಸರಿಯಿದೆ ಅಂತ ಪೆನ್ ಹೇಳಿಯಾಗಿತ್ತು.

"ಮೊದ್ಲು ನೀರು ನಿಲ್ಸಪ್ಪ ನೀನು!"

ಅವರು ಕೂಗಿದ ಮೇಲೆ ಸ್ವಿಚ್ ಆರಿಸಿದೆ. ಮೀನು ಮೂಲೆ ಸೇರಿದಾಗಿನಿಂದ ಅಷ್ಟು ಹೊತ್ತಿಗೆ ಏಳು ನಿಮಿಷ. ಡ್ರಮ್ಮಿನಲ್ಲಿ ಮೂರನೇ ಒಂದು ಭಾಗ ಉಳಿದಿತ್ತು. ಪಂಪ್ ಮೇಲೆತ್ತಲು ಬಗ್ಗಿದಾಗ ಮೂಗಿಗೆ ಬಡಿಯಿತು. ಘಾಟು ಅನ್ನುವಷ್ಟೇನೂ ಇಲ್ಲ, ಈಜುಕೊಳದ ಪಕ್ಕದಲ್ಲಿ ನಡೆದುಹೋದರೆ ಬರುತ್ತದಲ್ಲ, ಅಷ್ಟು.

ನೀರಿನಲ್ಲಿ ಕ್ಲೋರಿನ್ ಪತ್ತೆ ಮಾಡುವ ಡಿಪಿಡಿ ಮಾತ್ರೆಯ ಸ್ಟ್ರಿಪ್ ನನ್ನ ಬ್ಯಾಗಿನ ತಳದಲ್ಲಿತ್ತು, ತೆಗೆದು ತಿಂಗಳುಗಳೇ ಆಗಿದ್ದವು. ಡ್ರಮ್ಮಿನ ನೀರು ಹತ್ತು ಎಂಎಲ್ ತೆಗೆದುಕೊಂಡು 1 ನಂಬರಿನ ಮಾತ್ರೆ ಪುಡಿ ಮಾಡಿ ಹಾಕಿದೆ. ಪುಡಿ ತಳ ಮುಟ್ಟುವ ಮೊದಲೇ ಅದರ ಹಿಂದೆ ಗುಲಾಬಿ ಎಳೆ ಬಿಟ್ಟುಕೊಂಡು ಇಳಿಯಿತು, ಅಲ್ಲಾಡಿಸಿದರೆ ಇಡೀ ಟ್ಯೂಬು ಗುಲಾಬಿ. ಬಣ್ಣದ ಪಟ್ಟಿಗೆ ಹಿಡಿದರೆ ಲೀಟರಿಗೆ 0.5 ಮಿಲಿಗ್ರಾಂ. ಮೀನಿರುವ ನೀರಿನಲ್ಲಿ ಅದು ಸೊನ್ನೆ ಇರಬೇಕು. 3 ನಂಬರಿನ ಮಾತ್ರೆಯನ್ನೂ ಹಾಕಿ ನೋಡಿದೆ, ಬಣ್ಣ ಗಾಢವಾಗಲಿಲ್ಲ. ಅಂದರೆ ಅಮೋನಿಯಾ ಜೊತೆ ಸೇರಿದ ಕ್ಲೋರಮೈನ್ ಅಲ್ಲ, ಬರೀ ಕ್ಲೋರಿನ್. ಅಷ್ಟರಮಟ್ಟಿಗೆ ನಮ್ಮ ಪುಣ್ಯ. ಕ್ಲೋರಮೈನ್ ಆಗಿದ್ದರೆ, ಕ್ಲೋರಿನ್ ಕಳೆಯುವ ಥಯೋಸಲ್ಫೇಟ್ ಹಾಕಿದ ಮೇಲೂ ಅಮೋನಿಯಾ ಹಿಂದೆ ಉಳಿಯುತ್ತಿತ್ತು.

ಒಂದು ಪಾಲು ಕ್ಲೋರಿನ್‌ಗೆ ಏಳು ಪಾಲು ಥಯೋಸಲ್ಫೇಟ್ ಹರಳು ಅನ್ನುವ ಲೆಕ್ಕ ನೆನಪಿತ್ತು. ಇಡೀ ಟ್ಯಾಂಕಿಗೂ 0.5 ಅಂತಲೇ ಹಿಡಿದರೂ ಒಂದೂವರೆ ಗ್ರಾಂ ಚಿಲ್ಲರೆ. ಎರಡು ಗ್ರಾಂ ತೂಗಿ, ಮಗ್ಗಿನಲ್ಲಿ ಕರಗಿಸಿ, ಫಿಲ್ಟರ್ ನೀರು ಬೀಳುವ ಜಾಗಕ್ಕೆ ಸುರಿದೆ. ಹೊಸ ಟ್ಯಾಂಕಿನ ಏರ್ ಪಂಪ್ ಕಿತ್ತು ತಂದು ಇಲ್ಲಿಗೆ ಹಾಕಿದೆ. ಕ್ಲೋರಿನ್ ಕೂಡಲೇ ಹೋಗುತ್ತದೆ, ಸುಟ್ಟ ಕಿವಿರು ಕೂಡಲೇ ಸರಿಹೋಗುವುದಿಲ್ಲ. ಅರ್ಧ ಗಂಟೆಯಲ್ಲಿ ಆರು ಮೀನು ಕೆಳಗಿಳಿದವು. ಆ ದೊಡ್ಡದು, ಜೊತೆಗೆ ಇನ್ನೊಂದು, ಬೆಳಗಾಗುವಷ್ಟರಲ್ಲಿ ಹೋಗಿದ್ದವು. ಯಜಮಾನರು ಫೋನ್ ಮಾಡಿ "ಎರಡು ಹೋದ್ವು" ಅಂದರು, ಬೈಯಲಿಲ್ಲ.

ಕಾರ್ಬನ್ ಬ್ಲಾಕ್ ಮುಗಿದಿತ್ತು. ಅದನ್ನು ಹಾಕಿ ನಾಲ್ಕು ತಿಂಗಳು, ಆಫೀಸಿನ ಶೀಟಿನಲ್ಲಿ ಬದಲಿಸುವ ಗಡುವು ಆರು ತಿಂಗಳು. ಶೀಟನ್ನು ದೂರಿ ಕೈತೊಳೆದುಕೊಳ್ಳಬಹುದಿತ್ತು, ಆದರೆ ಎರಡನೇ ಟ್ಯಾಂಕ್ ಬಂದಿದ್ದಕ್ಕೆ ಹಿಂದಿನ ತಿಂಗಳು ನಾನು ಕೂತು ಲೆಕ್ಕ ಹಾಕಿದ್ದೆ. ಬ್ಲಾಕಿನ ಡಬ್ಬಿಯ ಮೇಲೆ 20,000 ಲೀಟರ್ ಅಂತ ಇತ್ತು. ವಾರಕ್ಕೆ 400 ಲೀಟರ್, ಹನ್ನೆರಡು ವಾರ, 4,800. ಕಾಲು ಭಾಗವೂ ಖರ್ಚಾಗಿಲ್ಲ ಅಂತ ಲೆಕ್ಕ ಬಂತು. ಕಾರ್ಡಿನಲ್ಲಿ "ಕಾರ್ಬನ್ ಓಕೆ" ಅಂತ ಬರೆದು ಅಡಿಗೆರೆ ಬೇರೆ ಎಳೆದಿದ್ದೆ.

ಆ 400 ಲೀಟರ್ ಡ್ರಮ್ಮಿಗೆ ಬಿದ್ದ ನೀರು. ಕಾರ್ಬನ್ ಕೂತಿರುವುದು ಮೆಂಬ್ರೇನಿಗಿಂತ ಮುಂಚೆ, ವೇಸ್ಟ್ ಲೈನಿನಲ್ಲಿ ಹೋಗುವ ನೀರೂ ಅದನ್ನು ಹಾಯ್ದೇ ಹೋಗಬೇಕು. ಆ ಯೂನಿಟ್ಟಿನಲ್ಲಿ ಜಾರ್ ಹಿಡಿದು ಅಳೆದರೆ ನಿಮಿಷಕ್ಕೆ 200 ಎಂಎಲ್ ಒಳ್ಳೆಯ ನೀರು, 800 ವೇಸ್ಟ್. ಒಂದು ಲೀಟರ್ ಡ್ರಮ್ಮಿಗೆ ಬರಬೇಕಾದರೆ ಐದು ಲೀಟರ್ ಕಾರ್ಬನ್ ದಾಟಬೇಕು. ಅಂದರೆ ನಾನು ಅಡಿಗೆರೆ ಎಳೆದ ದಿನವೇ ಅದು 24,000 ದಾಟಿತ್ತು. ಮೀನು ಸತ್ತ ದಿನಕ್ಕೆ 32,000. ಮೊದಲಿನಂತೆ ಒಂದೇ ಟ್ಯಾಂಕ್ ಇದ್ದಿದ್ದರೂ ಇಪ್ಪತ್ತು ವಾರಕ್ಕೆ ಮುಗಿಯುತ್ತಿತ್ತು, ಆರು ತಿಂಗಳು ಬರುತ್ತಲೇ ಇರಲಿಲ್ಲ.

ಇನ್ನು ಪೆನ್ನಿನ ವಿಷಯ. ಅದು ಅಳೆಯುವುದು ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅನ್ನುವುದನ್ನು, ಅಂಕಿ ಬರುವುದು ಕರಗಿದ ಲವಣದ ಲೆಕ್ಕದಲ್ಲಿ. ಅರ್ಧ ಮಿಲಿಗ್ರಾಂ ಕ್ಲೋರಿನ್ ಅದಕ್ಕೆ ಕಾಣುವುದೇ ಇಲ್ಲ. ಮೆಂಬ್ರೇನ್ ಲವಣ ತಡೆದಂತೆ ಕ್ಲೋರಿನ್ ತಡೆಯುವುದೂ ಇಲ್ಲ. ಸಾಲದ್ದಕ್ಕೆ ಕ್ಲೋರಿನ್ ಆ ತೆಳು ಪೊರೆಯನ್ನೇ ತಿನ್ನುತ್ತದೆ. ತಿಂದರೆ ನೀರು ಸಲೀಸಾಗಿ ದಾಟುತ್ತದೆ, ಲವಣವೂ ದಾಟುತ್ತದೆ. ಡ್ರಮ್ಮು ಎರಡು ಗಂಟೆ ಮೊದಲೇ ತುಂಬಿದ್ದು ಅದಕ್ಕೇ. 5 ಇದ್ದದ್ದು 6 ಆಗಿ 9 ಆದದ್ದೂ ಅದಕ್ಕೇ. ಪೆನ್ ತನಗೆ ತಿಳಿದಷ್ಟನ್ನು ಹೇಳಿತ್ತು, ಮೂರು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡದೇ ಇದ್ದವನು ನಾನು. ಯಜಮಾನರೂ ಬಾಯಿಬಿಟ್ಟು ಹೇಳಿದ್ದರು.

ಮುಂದಿನ ವಾರ ದಿನಾ ಕೆಲಸ ಮುಗಿಸಿ ಆ ಮನೆಗೆ ಹೋಗಿ ಬರುತ್ತಿದ್ದೆ. ಕ್ಲೋರಿನ್ ಫಿಲ್ಟರಿನ ಬ್ಯಾಕ್ಟೀರಿಯಾವನ್ನೂ ಬಿಡುವುದಿಲ್ಲ. ಮೂರನೇ ದಿನ ಅಮೋನಿಯಾ 0.25 ತೋರಿಸಿತು. ಊಟ ನಿಲ್ಲಿಸಿದ್ದೆವು, ಪಿಎಚ್ ಏಳರ ಕೆಳಗಿತ್ತು, ಹಾಗಾಗಿ ಉಳಿದ ಆರಕ್ಕೆ ಏನೂ ಆಗಲಿಲ್ಲ. ಏಳನೇ ದಿನಕ್ಕೆ ಮತ್ತೆ ಸೊನ್ನೆ.

ಆಫೀಸಿನಲ್ಲಿ ನಡೆದದ್ದು ಬೇರೆ. ನಮ್ಮ ಆ್ಯಪಿನ ಜಾಬ್ ಕಾರ್ಡಿನಲ್ಲಿ ಟಿಡಿಎಸ್ ಇನ್, ಟಿಡಿಎಸ್ ಔಟ್, ಪ್ರೆಶರ್, ಕಾರ್ಟ್ರಿಜ್ ಬದಲಿಸಿದೆಯಾ ಹೌದು/ಇಲ್ಲ, ಇಷ್ಟೇ ಕಾಲಂ. ಕ್ಲೋರಿನ್‌ಗೆ ಒಂದು ಕಾಲಂ ಸೇರಿಸಿ, ವೇಸ್ಟ್ ರೇಶಿಯೋ ಬರೆಯಲು ಇನ್ನೊಂದು ಕೊಡಿ, ಗಡುವು ತಿಂಗಳ ಮೇಲಲ್ಲ, ಲೀಟರಿನ ಮೇಲೆ ಬರಲಿ ಅಂತ ಕೇಳಿದೆ. ವಿಸಿಟ್ ಟೈಮ್ ಮೂವತ್ತು ನಿಮಿಷ ದಾಟುತ್ತದೆ ಅಂದರು. ಡಿಪಿಡಿ ಮಾತ್ರೆ ಸ್ಟೋರಿನಿಂದ ಎಣಿಸಿ ಕೊಡುತ್ತಾರೆ, ತಿಂಗಳಿಗೆ ಒಂದು ಸ್ಟ್ರಿಪ್. ಕೊನೆಗೆ "ರಿಮಾರ್ಕ್ಸ್" ಅಂತ ಒಂದು ಖಾಲಿ ಡಬ್ಬಿ ಸೇರಿಸಿಕೊಟ್ಟರು. ಒಂದು ಮಾತ್ರೆ, ಎರಡು ನಿಮಿಷ. ಅದಕ್ಕೆ ಸಮಯವಿಲ್ಲ ಅನ್ನುವವರನ್ನು ಆ ಬೆಳಗ್ಗಿನ ಫೋನ್ ಎತ್ತಲು ಕೂರಿಸಬೇಕಿತ್ತು ಅಂತ ನನಗೆ ಈಗಲೂ ಸಿಟ್ಟಿದೆ.

ನಾನು ಮಾತ್ರೆ ಸ್ವಂತ ದುಡ್ಡಿನಲ್ಲೇ ತರುತ್ತೇನೆ. ಯಾವ ಮನೆಗೆ ಹೋದರೂ ಪೆನ್ ತೆಗೆಯುವ ಮೊದಲು ವೇಸ್ಟ್ ಪೈಪಿನಿಂದ ಹತ್ತು ಎಂಎಲ್ ಹಿಡಿಯುತ್ತೇನೆ. ಕಾರ್ಬನ್ ದಾಟಿ ಬಂದ ನೀರು ಅಲ್ಲಿ ಫಿಲ್ಟರಿನ ಹೌಸಿಂಗ್ (ಹೊರಕವಚ) ಬಿಚ್ಚದೆಯೇ ಸಿಗುತ್ತದೆ. ಎಳೆ ಗುಲಾಬಿ ಕಂಡರೂ ಗಡುವು ನೋಡದೆ ಬ್ಲಾಕ್ ಬದಲು. ಪ್ರಾಡಕ್ಟ್ ಮತ್ತು ವೇಸ್ಟ್ ಎರಡನ್ನೂ ಜಾರಿನಲ್ಲಿ ಅಳೆದು, ಕೂಡಿಸಿದ್ದನ್ನು ಹೌಸಿಂಗ್ ಮೇಲೆ ಮಾರ್ಕರಿನಲ್ಲಿ ಬರೆದಿಡುತ್ತೇನೆ. ಟ್ಯಾಂಕಿಗೆ ನೀರು ಬಿಡುವಾಗ ಯಾವುದಾದರೂ ಮೀನಿನ ನಡವಳಿಕೆ ಬದಲಾದರೆ ಮೊದಲು ಸ್ವಿಚ್, ಆಮೇಲೆ ಟೆಸ್ಟು.

ಆ ಮನೆಗೂ ನಾನೇ ಹೋಗುತ್ತೇನೆ, ಬೇರೆಯವರನ್ನು ಕಳಿಸಿ ಅಂತ ಅವರು ಯಾವತ್ತೂ ಕೇಳಲಿಲ್ಲ. ಈಗ ಮಾತ್ರೆ ಹಾಕುವುದು ಅವರ ಕೆಲಸ. ಕನ್ನಡಕ ಹಣೆಗೇರಿಸಿ, ಟ್ಯೂಬಿನ ಹಿಂದೆ ಬಿಳಿ ಹಾಳೆ ಹಿಡಿದು ಕಿಟಕಿಯ ಕಡೆ ತಿರುಗುತ್ತಾರೆ. ಕಳೆದ ವಿಸಿಟ್‌ನಲ್ಲಿ ತುಂಬ ಹೊತ್ತು ನೋಡಿ "ನಿನ್ ಕಣ್ಣಲ್ಲೂ ಒಂದ್ಸಲ ನೋಡಪ್ಪ" ಅಂತ ಕೈಗೆ ಕೊಟ್ಟರು. ನೋಡಿದೆ. ನೀರು ಬೆಳ್ಳಗೇ ಇತ್ತು. ಆಮೇಲೆ ಪಂಪ್ ಇಳಿಬಿಟ್ಟೆವು.