‘ಅಣ್ಣ, ಎಡ್ಡಿ ಅದಾನೇನು?’: ಬಳ್ಳಾರಿಯ ಗೇಮ್ ಪಾರ್ಲರ್ ಕೌಂಟರಿನಿಂದ

ಪಾತ್ರ ಆರಿಸಿಕೊಂಡು ಇಬ್ಬರು ಹೊಡೆದಾಡುವ ವಿಡಿಯೊ ಗೇಮ್ ಸರಣಿ ಟೆಕ್ಕೆನ್. ಅದರ ಎಂಟನೇ ಭಾಗ ಟೆಕ್ಕೆನ್ 8 ಬಂದಿದೆ ಎಂದು ಬೋರ್ಡ್ ಹಾಕಿದರೆ ಗ್ರಾಫಿಕ್ಸ್ ಹೇಗಿದೆ ಎಂದು ಯಾರೂ ಕೇಳುವುದಿಲ್ಲ. ಕೌಲ್ ಬಜಾರಿನ ಕಾಲೇಜು ಹುಡುಗರಿರಲಿ, ಜೀನ್ಸ್ ಹೊಲಿಯುವ ಕೆಲಸ ಮುಗಿಸಿ ಸಂಜೆ ಬರುವವರಿರಲಿ, ಮೊದಲ ಪ್ರಶ್ನೆ ‘ಅಣ್ಣ, ಎಡ್ಡಿ ಅದಾನೇನು?’ ಎಡ್ಡಿ ಆ ಆಟದ ಒಂದು ಪಾತ್ರ. ಅವನಲ್ಲದಿದ್ದರೆ ಜಿನ್, ಕಿಂಗ್, ಯೋಶಿಮಿಟ್ಸು ಎಂಬ ಬೇರೆ ಪಾತ್ರಗಳನ್ನು ಕೇಳುತ್ತಾರೆ. ಇದಕ್ಕೆ ಬರೀ ಹೌದು, ಇಲ್ಲ ಎಂದರೆ ಸಾಲದು. ಗಿರಾಕಿಗೆ ಬೇಕಿರುವುದು ಆ ಮುಖವೋ, ಕೈಗೆ ಕೂತ ಹೊಡೆತಗಳೋ ಎಂದು ಮೊದಲು ತಿಳಿದುಕೊಳ್ಳಬೇಕು. ಭಾಗಗಳು ಮುಂದುವರಿದಂತೆ ಇವೆರಡೂ ಒಂದೇ ಕಡೆ ಉಳಿಯುವುದಿಲ್ಲ.

ಜಿನ್‌ನನ್ನೇ ನೋಡಿ. ಟೆಕ್ಕೆನ್ 3ರಲ್ಲಿ (ಆರ್ಕೇಡ್‌ಗೆ 1997, ಪ್ಲೇಸ್ಟೇಷನ್‌ಗೆ 1998) ಅವನದು ಆಟದ ಕಥೆಯಲ್ಲಿ ಬರುವ ಮಿಶಿಮಾ ಮನೆತನದ ಹೊಡೆದಾಟದ ಶೈಲಿ. ಟೆಕ್ಕೆನ್ 4ರಲ್ಲಿ ಅದನ್ನು ಬಿಟ್ಟು ಸಾಂಪ್ರದಾಯಿಕ ಕರಾಟೆ ಹಿಡಿದ. ಟೆಕ್ಕೆನ್ 5ರಲ್ಲಿ ಹಳೆಯ ಮಿಶಿಮಾ ಶೈಲಿ ಡೆವಿಲ್ ಜಿನ್ ಎಂಬ ಬೇರೆಯೇ ಪಾತ್ರಕ್ಕೆ ಹೋಯಿತು. ಹಾಗಾಗಿ 3ರ ಜಿನ್ ಆಡಿ ಬೆಳೆದವರು ಈಗ 7 ಅಥವಾ 8ರಲ್ಲಿ ಜಿನ್ ಆರಿಸಿ ‘ಕೈ ಕೂಡವಲ್ದು’ ಎನ್ನುತ್ತಾರೆ. ಡೆವಿಲ್ ಜಿನ್ ಕೊಟ್ಟು ನೋಡಿ.

ಕಿಂಗ್‌ನದು ಇದಕ್ಕೆ ತದ್ವಿರುದ್ಧ. ಟೆಕ್ಕೆನ್ 3ರ ಹೊತ್ತಿಗೆ ಕಥೆಯಲ್ಲಿ ಮೊದಲ ಕಿಂಗ್ ಸತ್ತು, ಜಾಗ್ವಾರ್ ಮುಖವಾಡ ಬೇರೊಬ್ಬನ ತಲೆಗೇರಿತು. ಮುಖವಾಡವೂ ಹಿಡಿತಗಳೂ ಅವೇ ಇದ್ದದ್ದರಿಂದ ಮನುಷ್ಯ ಬದಲಾದದ್ದು ಎಷ್ಟೋ ಜನಕ್ಕೆ ಇಂದಿಗೂ ಗೊತ್ತಿಲ್ಲ. ಟೆಕ್ಕೆನ್ 4ರಲ್ಲಿ ಎಡ್ಡಿಯ ಒದೆತಗಳೆಲ್ಲ ಕ್ರಿಸ್ಟಿ ಎಂಬ ಹೊಸ ಪಾತ್ರಕ್ಕೆ ಹೋದಾಗ ಮಾತ್ರ ಮುಖ ನಂಬಿದವರು ಮುನಿಸಿಕೊಂಡರು, ಕೈ ನಂಬಿದವರು ಸುಮ್ಮನೆ ಕ್ರಿಸ್ಟಿ ಆಡಿದರು.

ಪತ್ತೆ ಮಾಡಲು ಒಂದೇ ಪ್ರಶ್ನೆ ಸಾಕು: ‘ಅವನದು ಯಾವ ಹೊಡೆತ ಹೆಚ್ಚು ಹೊಡಿತೀರಿ?’ ಬಾಯಲ್ಲಿ ಹೇಳದೆ ಬೆರಳಾಡಿಸಿ ತೋರಿಸಿದರೆ ಅದು ಕೈಯ ನಂಟು. ವೇಷ, ಕಥೆ, ಕೂದಲಿನ ಮಾತು ಬಂದರೆ ಮುಖದ್ದು.

ಕೈಯ ನಂಟಿನವರನ್ನು ನೇರ ಎದುರಾಳಿಯ ಮುಂದೆ ಕೂಡಿಸಬೇಡಿ. ಹತ್ತು ನಿಮಿಷ ಪ್ರಾಕ್ಟೀಸ್ ಮೋಡ್ ಕೊಡಿ. ಚೌಕ ಎಡಗೈ, ತ್ರಿಕೋನ ಬಲಗೈ, ಕ್ರಾಸ್ ಎಡಗಾಲು, ಸರ್ಕಲ್ ಬಲಗಾಲು: ಸರಣಿ ಶುರುವಾದಾಗಿನಿಂದ ಈ ಜೋಡಣೆ ಬದಲಾಗಿಲ್ಲ. ಆದರೆ 8ರಲ್ಲಿ ಕಂಟ್ರೋಲರ್ ಮೇಲಂಚಿನ ಎಲ್1 ಬಟನ್ ತಗುಲಿದರೆ ಸ್ಪೆಷಲ್ ಸ್ಟೈಲ್ (ಹೊಸಬರಿಗೆಂದು ಇಟ್ಟ ಸುಲಭ ಜೋಡಣೆ) ಶುರುವಾಗಿ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ‘ರಿಮೋಟ್ ಕೆಟ್ಟೈತಿ’ ಎಂಬ ದೂರು ಬಂದಾಗ ಮೊದಲು ಇದನ್ನೇ ನೋಡಿ. ಇನ್ನೊಮ್ಮೆ ಎಲ್1 ಒತ್ತಿದರೆ ಸರಿಹೋಗುತ್ತದೆ.

ಎದುರಾಳಿಯನ್ನು ಮೇಲಕ್ಕೆತ್ತುವ ಹೊಡೆತ ಬರುತ್ತದೆ, ಆದರೆ ಕಾಂಬೊ (ಬಿಡುವಿಲ್ಲದೆ ಒಂದರ ಹಿಂದೊಂದು ಬೀಳುವ ಹೊಡೆತಗಳು) ನಡುವೆ ಕೈ ತಪ್ಪುತ್ತದೆ ಎಂದರೆ ತಪ್ಪು ಆಡುವವರದಲ್ಲ. ಗಾಳಿಯಲ್ಲಿ ಹೊಡೆತ ಮುಂದುವರಿಸುವ ಉಪಾಯ 6ರಲ್ಲಿ ಬೌಂಡ್, 7ರಲ್ಲಿ ಸ್ಕ್ರೂ, 8ರಲ್ಲಿ ಟಾರ್ನೇಡೊ. ನಡುವಿನ ಆ ಒಂದು ಹೊಡೆತ ಯಾವುದೆಂದು ಮೂವ್ ಲಿಸ್ಟ್‌ನಲ್ಲಿ ತೋರಿಸಿದರೆ ಹಳೆಯ ಕೈ ತಾನಾಗಿ ದಾರಿ ಹುಡುಕಿಕೊಳ್ಳುತ್ತದೆ.

ಪರದೆಯ ತಡ ತಗ್ಗಿಸುವ ಟಿವಿಯ ಗೇಮ್ ಮೋಡ್ ಆಫ್ ಆಗಿದ್ದರೆ ಮಿಶಿಮಾ ಶೈಲಿಯ ಪಾತ್ರ ಆಡುವವರು ಎಲ್ಲರಿಗಿಂತ ಮೊದಲು ಕಂಡುಹಿಡಿಯುತ್ತಾರೆ. ಆ ಶೈಲಿಯ ಎಲೆಕ್ಟ್ರಿಕ್ ಎಂಬ ಹೊಡೆತಕ್ಕೆ ಮುಂದೆ ಒತ್ತಿ ಬಿಟ್ಟು, ಕೆಳಗೆ, ಆಮೇಲೆ ಕೆಳ-ಮುಂದೆ ಮತ್ತು ತ್ರಿಕೋನ ಒಂದೇ ಫ್ರೇಮ್‌ನಲ್ಲಿ ಬೀಳಬೇಕು. ಫ್ರೇಮ್ ಎಂದರೆ ಪರದೆಯ ಮೇಲಿನ ಒಂದು ಚಿತ್ರ. ಸೆಕೆಂಡಿಗೆ 60 ಫ್ರೇಮ್, ಅಂದರೆ ಒಂದಕ್ಕೆ 17 ಮಿಲಿಸೆಕೆಂಡೂ ಇಲ್ಲ. ಪರದೆ ತಡವಾದರೆ ತಾಳ ತಪ್ಪುತ್ತದೆ. ಬಳ್ಳಾರಿಯ ಬೇಸಿಗೆಯಲ್ಲಿ ಬೆವರು ಕೈ ಬೇರೆ. ಕಂಟ್ರೋಲರ್ ಪಕ್ಕ ಒಣ ಬಟ್ಟೆ ಇಡಿ. ಇವರ ಕೈಗೆ ಸಿಕ್ಕ ಕಂಟ್ರೋಲರ್‌ನಲ್ಲಿ ಡಿ-ಪ್ಯಾಡ್ (ದಿಕ್ಕಿನ ಬಟನ್) ರಬ್ಬರ್ ಬೇಗ ಸವೆಯುತ್ತದೆ, ಅದನ್ನು ಗುರುತು ಹಾಕಿ ಬೇರೆಯೇ ಇಡುವುದು ಲೇಸು.

ಈ ನಂಟನ್ನು ಕಡೆಗಣಿಸಿದ ಕಂಪನಿಗಳೂ ಹಿಂದೆ ಸರಿದಿವೆ. ಇಂಥದ್ದೇ ಹೊಡೆದಾಟದ ಬೇರೆ ಆಟ, 1995ರ ಮಾರ್ಟಲ್ ಕಾಂಬ್ಯಾಟ್ 3ರಲ್ಲಿ ಹಳೆಯ ಪಾತ್ರ ಸ್ಕಾರ್ಪಿಯನ್ ಇರಲಿಲ್ಲ. ಅದೇ ವರ್ಷ ಬಂದ ಅಲ್ಟಿಮೇಟ್ ಆವೃತ್ತಿಯಲ್ಲಿ ಮರಳಿದ. 1997ರ ಸ್ಟ್ರೀಟ್ ಫೈಟರ್ 3ಕ್ಕೆ ಹಳಬರಲ್ಲಿ ರ್‍ಯೂ, ಕೆನ್ ಇಬ್ಬರೇ ಬಂದರು. ಇನ್ನೊಬ್ಬ ಹಳೆಯ ಪಾತ್ರ ಚುನ್-ಲಿ ಮರಳಲು 1999ರ ಥರ್ಡ್ ಸ್ಟ್ರೈಕ್ ಬೇಕಾಯಿತು. ಈಗ ಕಂಪನಿಗಳು ಜಾಣರಾಗಿವೆ: ಜನಕ್ಕೆ ಬೇಕಾದವನನ್ನು ಹಿಡಿದಿಟ್ಟು ಆಮೇಲೆ ಮಾರುತ್ತವೆ. ಟೆಕ್ಕೆನ್ 8 ಬಂದದ್ದು 2024ರ ಜನವರಿಯಲ್ಲಿ, 32 ಪಾತ್ರಗಳೊಂದಿಗೆ. ಎಡ್ಡಿ ಬಂದದ್ದು ಏಪ್ರಿಲ್‌ನಲ್ಲಿ, ಬೇರೆ ದುಡ್ಡಿಗೆ.

ಪಾರ್ಲರ್‌ನವರಿಗೆ ಪೆಟ್ಟು ಬೀಳುವುದು ಇಲ್ಲೇ. ಹೊರದೇಶದ ಅಗ್ಗದ ಡಿಸ್ಕ್ ತಂದು, ಭಾರತದ ಅಕೌಂಟ್‌ನಲ್ಲಿ ಎಡ್ಡಿಯನ್ನು ಕೊಂಡರೆ, ಎರಡರ ರೀಜನ್ (ಮಾರಾಟದ ಪ್ರದೇಶ) ಕೂಡದೆ ಅವನು ಪರದೆಯ ಮೇಲೆ ಬರದೇ ಹೋಗಬಹುದು. ಇನ್ನು, ಕೊಂಡ ಪಾತ್ರ ಬೇರೆ ಯೂಸರ್‌ಗೂ ಕಾಣಬೇಕಾದರೆ ಪಿಎಸ್5 (ಪ್ಲೇಸ್ಟೇಷನ್ 5) ಸೆಟ್ಟಿಂಗ್ಸ್‌ನ ಯೂಸರ್ಸ್ ಅಂಡ್ ಅಕೌಂಟ್ಸ್‌ನಲ್ಲಿ ಕನ್ಸೋಲ್ ಶೇರಿಂಗ್ ಆನ್ ಇರಬೇಕು. ಒಂದು ಅಕೌಂಟ್‌ಗೆ ಅದು ಒಂದೇ ಪಿಎಸ್5ನಲ್ಲಿ ಆನ್ ಆಗುತ್ತದೆ. ಎಡ್ಡಿಗೆಂದೇ ಒಂದು ಸೀಟು ಗೊತ್ತು ಮಾಡಿ, ಆ ಮಷಿನ್‌ಗಷ್ಟೇ ಕೊಳ್ಳಿ. ಖರ್ಚು ಬೇಡವೆಂದರೆ ಟೆಕ್ಕೆನ್ 7ರ ಪಿಎಸ್4 ಡಿಸ್ಕ್ ತೆಗೆದಿಡಬೇಡಿ: ಡಿಸ್ಕ್ ಡ್ರೈವ್ ಇರುವ ಪಿಎಸ್5ನಲ್ಲಿ ಅದು ಓಡುತ್ತದೆ, ಎಡ್ಡಿ ಅದರಲ್ಲಿ ಬೇರೆ ದುಡ್ಡಿಲ್ಲದೆ ಇದ್ದಾನೆ.